ಒಂದು ಚುಕ್ಕಿಯ ಪತ್ರಿಕೆ

ಜನವರಿ 9, 2024

ಪ್ರಿಯ ತಮ್ಮಯ್ಯ,

ಫೋನ್ ಮಾಡುವ ಬದಲು ಅಕ್ಕ ಕಾಗದ ಬರೆದಿದ್ದಾಳೆ ಎಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ನೀನು ಆಗಲೇ ಊಹಿಸಿರುತ್ತೀ. ಸರಿಯಾಗಿಯೇ ಊಹಿಸಿದ್ದೀ. ಹೋದ ತಿಂಗಳು ಮೊಬೈಲಿಗೆ ನೀನು ಕಳಿಸಿದ ಎರಡು ಸಂದೇಶಗಳನ್ನು ನಾನು ನೋಡುವ ಮೊದಲೇ ಅಳಿಸಿಬಿಟ್ಟಿದ್ದೆಯಲ್ಲ? ಅಳಿಸಲಾಗಿದೆ ಎಂಬ ಸಾಲು ಮಾತ್ರ ನನಗೆ ಸಿಕ್ಕಿತು. ಆಡಿದ ಮಾತನ್ನು ನುಂಗಲು ಗುಂಡಿ ಇಟ್ಟಿರುವ ಕಡೆ ನಾನು ವ್ಯವಹಾರ ಇಟ್ಟುಕೊಳ್ಳುವುದಿಲ್ಲ. ನೀನೂ ಕಾಗದದಲ್ಲೇ ಉತ್ತರ ಬರೆ.

ಏಪ್ರಿಲ್ ಒಂದರಿಂದ ನಮ್ಮ ಪುರಸಭೆಯ ವಾಚನಾಲಯಕ್ಕೆ ದಿನಪತ್ರಿಕೆ ಬರುವುದಿಲ್ಲವಂತೆ. ಬದಲಿಗೆ ಎರಡು ಕಂಪ್ಯೂಟರ್ ಇಡುತ್ತಾರಂತೆ. ನಾನು ಮೂವತ್ತಾರು ವರ್ಷ ಜೋಡಿಸಿ, ಬೈಂಡ್ ಮಾಡಿಸಿ ಇಟ್ಟ ಸಂಪುಟಗಳೆಲ್ಲ ರದ್ದಿಗೆ. ನಾನು ನಿವೃತ್ತಳಾಗಿ ನಾಲ್ಕು ವರ್ಷವಾದರೂ ನನ್ನ ಜಾಗಕ್ಕೆ ಯಾರೂ ಬಂದಿಲ್ಲ. ಬೀಗದ ಕೈ ಇನ್ನೂ ನನ್ನ ಚೀಲದಲ್ಲೇ ಇದೆ. ಅದಕ್ಕೇ ಇಷ್ಟಾದರೂ ಗೊತ್ತಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. 1993ರಲ್ಲಿ ಕುಸಿದ ನೀರಿನ ಟ್ಯಾಂಕ್ ಇದ್ದ ಜಾಗದಲ್ಲೇ ಹೊಸ ಟ್ಯಾಂಕ್ ಎದ್ದಿದೆ. ಅಂದು ಕೆಳಗೆ ಕೊಳವೆ ಹೂಳುತ್ತಿದ್ದ ಮೂವರು ಕೂಲಿಯವರು ಸತ್ತರಲ್ಲ, ಅವರ ನೆನಪಿಗೆ ಒಂದು ಕಲ್ಲು ನಿಲ್ಲಿಸುತ್ತಾರೆ. ಒಳ್ಳೆಯ ಕೆಲಸವೇ. ಕಲ್ಲಿನ ಮೇಲೆ ಕೆತ್ತುವ ಬರಹದಲ್ಲಿ ಕಾಗುಣಿತ ನೋಡಿಕೊಡಿ ಎಂದು ಪುರಸಭೆಯ ಮ್ಯಾನೇಜರ್ ನನ್ನನ್ನು ಕರೆದಿದ್ದ. ಕಾಗುಣಿತ ಸರಿಯಾಗಿಯೇ ಇತ್ತು. ಬರಹದಲ್ಲಿದ್ದದ್ದು ಇದು: 'ನೀರುಗಂಟಿಯ ಅಜಾಗರೂಕತೆಯಿಂದ ಟ್ಯಾಂಕ್ ಕುಸಿದು ಮೃತಪಟ್ಟವರು.'

"ಇದನ್ನ ಯಾರು ಹೇಳಿದ್ದು?" ಅಂದೆ.

"ಪೇಪರ್‌ನಲ್ಲೇ ಇದೆಯಲ್ಲ ಮೇಡಂ. ಆಗಿನ ಕಾಲದ್ದೇ. ನೋಡಿ ಬೇಕಾದ್ರೆ," ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ನಿಮ್ಮ ಪತ್ರಿಕೆಯದೇ ಹಳೆಯ ಸಂಚಿಕೆ, ನಿಮ್ಮದೇ ಡಿಜಿಟಲ್ ಸಂಗ್ರಹ. 1993 ಜೂನ್ 18, ಮೊದಲ ಪುಟ. ನೀರುಗಂಟಿಯು ಟ್ಯಾಂಕನ್ನು ಮಿತಿಮೀರಿ ತುಂಬಿಸಿದ್ದೇ ಕಾರಣವಿರಬಹುದೆಂದು ಶಂಕಿಸಲಾಗಿದೆ, ಅಂತ.

ಆ ದಿನದ ಪತ್ರಿಕೆಯನ್ನು ನನ್ನ ಕೈಯಾರೆ ಕೋಲಿಗೆ ಸಿಕ್ಕಿಸಿ ಓದುಗರ ಮೇಜಿನ ಮೇಲೆ ಇಟ್ಟವಳು ನಾನು. ಅದರಲ್ಲಿ ಹಾಗಿರಲಿಲ್ಲ. ಬೀಗ ತೆಗೆದು ಸಂಪುಟ ಬಿಚ್ಚಿ ನೋಡಿದೆ, ನನ್ನ ನೆನಪು ಸುಳ್ಳಲ್ಲ. ಬಿರುಕು ಬಿಟ್ಟಿದೆ ಎಂದು ನೀರುಗಂಟಿ ಮೊದಲೇ ನೀರು ಸರಬರಾಜು ಕಚೇರಿಗೆ ಬರೆದುಕೊಟ್ಟಿದ್ದ ಎಂದೇ ಅದರಲ್ಲಿದೆ. ಮನೆಯಲ್ಲಿ ಅಪ್ಪನೂ ಅದನ್ನೇ ಹೇಳುತ್ತಿದ್ದರು, ನೆನಪಿದೆ ತಾನೇ? ಆ ಕಚೇರಿಯ ಮುಖ್ಯ ಗುಮಾಸ್ತರಾಗಿ ಆ ಕಾಗದ ತೆಗೆದುಕೊಂಡವರೇ ಅವರು. 'ಅದೇ ದಿನ ಇಂಜಿನಿಯರ್ ಮೇಜಿಗೆ ಕಳಿಸಿದೆ, ಅವರು ಏನು ಮಾಡಿದರೋ ದೇವರಿಗೇ ಗೊತ್ತು' ಎನ್ನುತ್ತಿದ್ದರು. ವಿಚಾರಣೆಯಲ್ಲಿ ಆ ಕಾಗದ ಸಿಗಲೇ ಇಲ್ಲ. ನೀರುಗಂಟಿಯ ಕೆಲಸ ಹೋಯಿತು. ಈಗ ವಾಚನಾಲಯದ ಹಿಂದಿನ ಓಣಿಯಲ್ಲಿದ್ದಾನೆ, ಎಪ್ಪತ್ತೆರಡು ವರ್ಷ. ಊರಿನ ಅರ್ಧ ನಲ್ಲಿಗಳ ವಾಷರ್ ಅವನೇ ಹಾಕಿದ್ದು.

ಅಂದರೆ ನಿಮ್ಮಲ್ಲಿ ಯಾರೋ ಹಳೆಯ ಪುಟವನ್ನು ತಿದ್ದಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಆ ಇಂಜಿನಿಯರನ ಮಕ್ಕಳು ಈಗ ದೊಡ್ಡ ಜಾಗಗಳಲ್ಲಿದ್ದಾರೆ, ನನಗೆ ಅವರ ಮೇಲೇ ಅನುಮಾನ. ಸಂಗ್ರಹದ ಮುಖ್ಯಸ್ಥ ನೀನು. ತಿದ್ದಿದವರು ಯಾರು ಎಂದು ಪತ್ತೆ ಮಾಡಿ, ಸರಿಯಾದ ಪಾಠ ಇದು ಎಂದು ಬರೆದು ಸಹಿ ಹಾಕಿ ಕಳಿಸು. ಕಲ್ಲುಕುಟಿಗ ಮಾರ್ಚ್ 15ಕ್ಕೆ ಉಳಿ ಹಿಡಿಯುತ್ತಾನೆ. ಕಲ್ಲಿಗೆ ಬಿದ್ದದ್ದನ್ನು ಅಳಿಸುವ ಗುಂಡಿ ಯಾರ ಹತ್ತಿರವೂ ಇಲ್ಲ.

ನಿನ್ನ ಅಕ್ಕ

*

ಜನವರಿ 20, 2024

ಪ್ರೀತಿಯ ಅಕ್ಕ,

ಟೈಪ್ ಮಾಡಿದ್ದಕ್ಕೆ ಬೈಯಬೇಡ. ನನ್ನ ಕೈಬರಹ ನನಗೇ ಓದಲು ಬರುವುದಿಲ್ಲ.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಬೇಜಾರಾಯಿತು. ನಮ್ಮ ಸಂಗ್ರಹದಲ್ಲಿರುವುದು ಅಚ್ಚಾದ ಪುಟದ ಚಿತ್ರ. ಅದನ್ನು ಯಾರೂ ತಿದ್ದಿಲ್ಲ, ತಿದ್ದುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಎಂಟು ಲಕ್ಷ ಪುಟಗಳಲ್ಲಿ ನಿಮ್ಮೂರಿನ ಒಂದು ಟ್ಯಾಂಕಿನ ಸುದ್ದಿ ಹುಡುಕಿ ಕೆಡಿಸುವವನು ಯಾರು, ಹೇಳು? ನೀನು ಬೇರೆ ದಿನದ ಪುಟವನ್ನೋ, ಬೇರೆ ಪತ್ರಿಕೆಯನ್ನೋ ನೋಡಿರಬಹುದು. ಕನ್ನಡಕ ಬದಲಾಯಿಸಿ ಎಷ್ಟು ವರ್ಷವಾಯಿತು?

ವಾಚನಾಲಯದ ಬಗ್ಗೆ ನಿನಗೆ ಸಂಕಟವಾಗುವುದು ಸಹಜ. ಆದರೆ ಲೆಕ್ಕಕ್ಕೆ ನಿಲ್ಲುವ ಮಾತು ಆಡೋಣ. ಬೆಳಿಗ್ಗೆ ಬರುವ ಹದಿನೈದು ಜನರಲ್ಲಿ ಆರು ಜನ ಫ್ಯಾನ್ ಗಾಳಿಗೆ ಬರುವವರು, ನಾಲ್ಕು ಜನ ಪದಬಂಧಕ್ಕೆ. ಇದು ನೀನೇ ಹೇಳಿದ್ದು. ಪತ್ರಿಕೆ ಅವರ ಕೈಗೆ ಬರುವ ಹೊತ್ತಿಗೆ ಸುದ್ದಿ ಹಳಸಿರುತ್ತದೆ. ನಾವು ಈಗ ತಪ್ಪಾದರೆ ಹತ್ತೇ ನಿಮಿಷದಲ್ಲಿ ಸರಿಪಡಿಸುತ್ತೇವೆ. ಅಚ್ಚಾದ ತಪ್ಪು ಹಾಗೇ ಉಳಿಯುತ್ತದೆ. ನಮ್ಮ ಮುದ್ರಣ ಕೇಂದ್ರಗಳಲ್ಲೂ ಎರಡನ್ನು ಏಪ್ರಿಲ್‌ಗೆ ಮುಚ್ಚುತ್ತಿದ್ದಾರೆ. ಕಾಲ ಹಾಗಿದೆ.

ಅಪ್ಪನನ್ನು ಇದರಲ್ಲಿ ಎಳೆಯಬೇಡ. ಹೋದವರು ಹೋದರು.

ನಿನಗೆ ಅಷ್ಟೊಂದು ಅನುಮಾನವಿದ್ದರೆ ಆ ಪುಟದಲ್ಲಿ ಇರುವುದನ್ನು ಯಥಾವತ್ತಾಗಿ ನಕಲು ಮಾಡಿ ಕಳಿಸು. ನೋಡುತ್ತೇನೆ.

ತಮ್ಮ

*

ಜನವರಿ 27, 2024

ತಮ್ಮಯ್ಯ,

ನಿನ್ನ ಕಾಗದಕ್ಕೆ ಸಹಿ ಇಲ್ಲ. ಮರೆತಿರಬಹುದು. ಮರೆತಿರಬಹುದು ಎಂದು ಬರೆಯುವಾಗಲೂ ನನ್ನ ಪೆನ್ನು ಒಂದು ಕ್ಷಣ ನಿಂತಿತು.

ಕನ್ನಡಕ ಹೋದ ವರ್ಷವೇ ಬದಲಾಗಿದೆ. ನಕಲು ಇಗೋ. ಮೇಲ್ಗಡೆ ಪತ್ರಿಕೆಯ ಹೆಸರು, ಅದರ ಕೆಳಗೆ 'ಶುಕ್ರವಾರ, ಜೂನ್ 18, 1993', ಪುಟಗಳ ಸಂಖ್ಯೆ, ಬೆಲೆ, ಬೆಲೆಯ ಪಕ್ಕದಲ್ಲಿ ಐದು ಮೂಲೆಯ ಒಂದು ಸಣ್ಣ ಚುಕ್ಕಿ. ನೀನು ಯಥಾವತ್ತು ಎಂದದ್ದರಿಂದ ಚುಕ್ಕಿಯನ್ನೂ ಬಿಟ್ಟಿಲ್ಲ. ಎಡಗಡೆಯ ಎರಡನೇ ಕಾಲಂನ ಕೊನೆ:

'ಟ್ಯಾಂಕಿನ ಎರಡನೆಯ ಕಂಬದಲ್ಲಿ ಬಿರುಕು ಬಿಟ್ಟಿರುವ ಬಗ್ಗೆ ನೀರುಗಂಟಿಯು ಹದಿನಾರು ದಿನಗಳ ಹಿಂದೆಯೇ ನೀರು ಸರಬರಾಜು ಕಚೇರಿಗೆ ಲಿಖಿತವಾಗಿ ತಿಳಿಸಿದ್ದರು. ಕಚೇರಿಯ ಮೊಹರುಳ್ಳ ಸ್ವೀಕೃತಿಯನ್ನು ಅವರು ನಮ್ಮ ವರದಿಗಾರರಿಗೆ ತೋರಿಸಿದರು.'

ಅಲ್ಲಿ ನಾಲ್ಕು ಸಾಲು. ನಿಮ್ಮ ಕಂಪ್ಯೂಟರಿನಲ್ಲೂ ಅದೇ ಜಾಗದಲ್ಲಿ ನಾಲ್ಕೇ ಸಾಲು, ಮಾತು ಮಾತ್ರ ಬೇರೆ. ಹಿಂದಿನದೂ ಮುಂದಿನದೂ ಅಕ್ಷರಶಃ ಒಂದೇ. ಹುಲ್ಲಿನ ಬಣವೆಯಿಂದ ಒಂದೇ ಒಂದು ಹಿಡಿ ಎಳೆದು, ಬೇರೆ ಹುಲ್ಲು ತುರುಕಿದ ಹಾಗಿದೆ. 'ಶಂಕಿಸಲಾಗಿದೆ' ಅಂತೆ. ಯಾರು ಶಂಕಿಸಿದ್ದು? ಶಂಕಿಸಿದವನಿಗೆ ತಂದೆತಾಯಿ ಹೆಸರಿಟ್ಟಿರಲಿಲ್ಲವೇ?

ಮೊನ್ನೆ ನೀರುಗಂಟಿ ವಾಚನಾಲಯದ ನಲ್ಲಿ ಸರಿಮಾಡಲು ಬಂದಿದ್ದ. ಕಲ್ಲಿನ ವಿಷಯ ಅವನಿಗೆ ಆಗಲೇ ತಿಳಿದಿತ್ತು.

"ನಿಮ್ ಹತ್ರ ಆ ಸ್ವೀಕೃತಿ ಚೀಟಿ ಇಲ್ವಾ?" ಎಂದು ಕೇಳಿದೆ.

"ವಿಚಾರಣೆಗೆ ಬಂದೋರು ಇಸ್ಕೊಂಡ್ರು ಅಮ್ಮಾ. ನೋಡಿ ಕೊಡ್ತೀವಿ ಅಂದ್ರು. ಇನ್ನೂ ನೋಡ್ತಾನೇ ಇದಾರೆ ಅನ್ಸುತ್ತೆ," ಎಂದು ಸ್ಪ್ಯಾನರ್ ತಿರುಗಿಸಿದ.

"ಈ ಸಲ ಬಿಡಬೇಡಿ. ನಾನಿದೀನಿ."

"ನನ್ ಮೊಮ್ಮಗಳು ಆ ದಾರೀಲೇ ಸ್ಕೂಲಿಗ್ ಹೋಗೋದು. ಅವಳಿಗೆ ಈಗಷ್ಟೇ ಓದಕ್ಕೆ ಬರ್ತಿದೆ. ಬೋರ್ಡು, ಬಸ್ಸು, ಗೋಡೆ, ಕಣ್ಣಿಗೆ ಬಿದ್ದಿದ್ದೆಲ್ಲಾ ಜೋರಾಗಿ ಓದ್ತಾಳೆ." ಇಷ್ಟೇ ಹೇಳಿ ನಲ್ಲಿ ಬಿಟ್ಟು ನೋಡಿದ. ನೀರು ಸೋರುತ್ತಿರಲಿಲ್ಲ.

ಈಗ ಹೇಳು, ಇದು ಪದಬಂಧದವರ ಗೋಳೋ?

ಅಕ್ಕ

*

ಫೆಬ್ರವರಿ 12, 2024

ತಮ್ಮಯ್ಯ,

ಹದಿನಾರು ದಿನ ಕಾದೆ. ನಿನ್ನ ಉತ್ತರ ಬರಲಿಲ್ಲ, ಆದರೆ ನಿನ್ನ ಕಚೇರಿಯ ವ್ಯಾನ್ ಬಂತು.

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರು ಇಳಿದರು. ನಿಮ್ಮ ಪತ್ರಿಕೆಯ ಮೊಹರಿರುವ ಪತ್ರ ತೋರಿಸಿ, ಹಳೆಯ ಸಂಪುಟಗಳನ್ನು 'ಸಂರಕ್ಷಣೆಗಾಗಿ' ಒಯ್ಯುತ್ತೇವೆ ಎಂದರು. ನನಗೆ ಆನಂದಬಾಷ್ಪ ಬರಬೇಕಿತ್ತು. ನಾನು ಕೇಳಿದೆ: "ಎಷ್ಟು ಸಂಪುಟ?"

"ಸದ್ಯಕ್ಕೆ ಒಂದೇ ಸಾಕಂತೆ ಮೇಡಂ. 1993ರ ಏಪ್ರಿಲ್‌ನಿಂದ ಜೂನ್."

ಒಂದಕ್ಕೊಂದು ಒತ್ತಿಕೊಂಡು ನೂರನಲವತ್ತನಾಲ್ಕು ಸಂಪುಟಗಳಿವೆ. ಎಲ್ಲದಕ್ಕೂ ಗೆದ್ದಲಿನ ಭಯ, ಸಂರಕ್ಷಣೆ ಮಾತ್ರ ಒಂದಕ್ಕೆ. ಪತ್ರದ ಕೆಳಗೆ ಸಹಿ ನಿನ್ನದು. ಈ ಸಲ ಸಹಿ ಹಾಕಲು ಮರೆತಿರಲಿಲ್ಲ.

"ಬೀಗದ ಕೈ ಕಳೆದುಹೋಗಿದೆ," ಅಂದೆ. ಚೀಲ ನನ್ನ ತೊಡೆಯ ಮೇಲೇ ಇತ್ತು. ಚಿಕ್ಕವನು, "ಬಾಗಿಲು ತೆಗೆದೇ ಇದೆಯಲ್ಲ?" ಎಂದ. "ಬಾಗಿಲಿನದಲ್ಲಪ್ಪಾ, ಬೀರುವಿನದು," ಅಂದೆ. ಅರವತ್ತನಾಲ್ಕು ವರ್ಷಕ್ಕೆ ನಾನು ಸುಳ್ಳು ಹೇಳುವ ಹಾಗಾಯಿತು, ಅದೂ ಓದುವ ಕೋಣೆಯಲ್ಲಿ ಕೂತು. ಅವರು ಹೋದ ಮೇಲೆ ಸಂಪುಟವನ್ನು ಹಳೆ ಸೀರೆಯಲ್ಲಿ ಸುತ್ತಿ ಮನೆಗೆ ತಂದಿದ್ದೇನೆ. ಎಲ್ಲಿಟ್ಟಿದ್ದೇನೆ ಎಂದು ನಿನಗೆ ಹೇಳುವುದಿಲ್ಲ.

ಹಾವೂ ಸಾಯದ ಕೋಲೂ ಮುರಿಯದ ಉತ್ತರ ನನಗೆ ಬೇಡ. ಆ ಸಂಪುಟ ನಿನಗೆ ಯಾಕೆ ಬೇಕಾಗಿತ್ತು? ಯಾರನ್ನು ಕಾಪಾಡುತ್ತಿದ್ದೀ? ಇಂಜಿನಿಯರನ ಮಕ್ಕಳು ನಿನಗೆ ಏನಾಗಬೇಕು?

ಅಕ್ಕ

*

ಫೆಬ್ರವರಿ 16, 2024

ಅಕ್ಕ,

ಇದು ಕೈಬರಹ. ಸಮಾಧಾನವಾಯಿತೇ?

ಇಂಜಿನಿಯರನ ಮಕ್ಕಳು ಯಾರೆಂದು ನನಗೆ ಗೊತ್ತಿಲ್ಲ. ವ್ಯಾನ್ ಕಳಿಸಿದ್ದು ನಾನೇ. ನಿನ್ನ ಪುಟವನ್ನು ಕಣ್ಣಾರೆ ನೋಡಬೇಕಿತ್ತು, ನಾನೇ ಬರಲು ರಜೆ ಇರಲಿಲ್ಲ. ಅದರಲ್ಲಿ ಇಷ್ಟೊಂದು ಕಥೆ ಕಟ್ಟಬೇಡ.

ಒಂದು ಮಾತು ಕೇಳುತ್ತೇನೆ, ತಮ್ಮನಾಗಿ. ಆ ಸಂಪುಟ ನನಗೆ ಕೊಟ್ಟುಬಿಡು. ಕಲ್ಲಿನ ಬರಹದಿಂದ ಆ ಸಾಲು ತೆಗೆಸುವುದು ನನಗೆ ಬಿಡು, ಮ್ಯಾನೇಜರ್ ಜೊತೆ ಫೋನಿನಲ್ಲಿ ಮಾತಾಡುತ್ತೇನೆ. ಯಾರ ತಪ್ಪು ಎಂದು ಬರೆಯುವುದೇ ಬೇಡ. ಮೂವರ ಹೆಸರು, ಒಂದು ತಾರೀಖು, ಸಾಕು. ಕೆದಕಿದರೆ ಯಾರ ಕಣ್ಣಿಗೆ ಧೂಳು ಬೀಳುತ್ತದೆ ಎಂದು ಹೇಳಲಾಗುವುದಿಲ್ಲ.

ತಮ್ಮ

*

ಫೆಬ್ರವರಿ 25, 2024

ತಮ್ಮಯ್ಯ,

ಕೆದಕಿದೆ. ಧೂಳು ಎಲ್ಲಿಂದ ಏಳುತ್ತಿದೆ ಎಂದು ಈಗ ಕಾಣುತ್ತಿದೆ.

ನಮ್ಮೂರಿನ ಹಳೆಯ ಪೇಪರ್ ಏಜೆಂಟ್ ನಿನಗೆ ನೆನಪಿರಬೇಕು, ಸೈಕಲ್ ಮೇಲೆ ಕೂತೇ ಮಹಡಿಗೆ ಪತ್ರಿಕೆ ಎಸೆಯುತ್ತಿದ್ದವರು. ಅವರ ಮನೆಗೆ ಹೋಗಿ ಸಂಪುಟ ಬಿಚ್ಚಿ ತೋರಿಸಿದೆ. ಸುದ್ದಿ ಓದಲೇ ಇಲ್ಲ. ಬೆಲೆಯ ಪಕ್ಕದ ಚುಕ್ಕಿಯ ಮೇಲೆ ಬೆರಳಿಟ್ಟರು.

"ಒಂದ್ ಚುಕ್ಕಿ. ನಮ್ ರೈಲಿನ ಪೇಪರ್ರು."

"ಅಂದ್ರೆ?"

"ಮೂವತ್ತಾರು ವರ್ಷ ಪೇಪರ್ ಜೋಡ್ಸಿದೀರಿ, ಇದು ಗೊತ್ತಿಲ್ವಾ?" ಎಂದು ಬಾಯಿತುಂಬ ನಕ್ಕರು. "ದೂರದ ಊರಿಗೆ ಹೋಗೋ ಕಟ್ಟು ಸಂಜೇನೇ ಅಚ್ಚಾಗಿ ರೈಲ್ ಹತ್ತೋದು. ಅದಕ್ಕೆ ಒಂದ್ ಚುಕ್ಕಿ. ಹತ್ತಿರದ ಊರಿಗೆ ಎರಡು. ಪಟ್ಟಣದ್ದು ಎಲ್ಲಾದಕ್ಕಿಂತ ಲೇಟು, ಅದಕ್ಕೆ ಮೂರು. ಅವರ ಪೇಪರ್‌ನಲ್ಲಿ ಮ್ಯಾಚ್ ಮುಗಿದಿರೋದು, ನಮ್ದರಲ್ಲಿ ಇನ್ನೂ ಬ್ಯಾಟಿಂಗ್ ಮಾಡ್ತಿರೋರು!"

ನಾನು ಅದನ್ನು ಇಷ್ಟು ವರ್ಷ ಅಲಂಕಾರ ಎಂದುಕೊಂಡಿದ್ದೆ. ಓದುವವರಿಗೆ ಓದುವುದನ್ನು ಕಲಿಸುವವಳು ನಾನು!

ನೇರ ಪುರಸಭೆಗೆ ಹೋಗಿ ನಿಮ್ಮ ಸಂಗ್ರಹದ ಪುಟ ತೆರೆಸಿ, ದೊಡ್ಡದು ಮಾಡಿಸಿ ನೋಡಿದೆ. ಮೂರು ಚುಕ್ಕಿ. ಹಾಗಾದರೆ ನನ್ನ ಆರೋಪ ತಪ್ಪು. ಕಂಪ್ಯೂಟರಿನಲ್ಲಿ ಯಾರೂ ತಿದ್ದಿಲ್ಲ, ಕ್ಷಮೆ ಕೇಳುತ್ತೇನೆ. ತಿದ್ದಿದ್ದು ಅದೇ ದಿನ, ಒಂದು ಚುಕ್ಕಿಗೂ ಮೂರು ಚುಕ್ಕಿಗೂ ನಡುವೆ, ಕಾಗದದ ಮೇಲೇ. ಪಟ್ಟಣದ ಅಧಿಕಾರಿಗಳು ಓದಿದ್ದು ಮೂರು ಚುಕ್ಕಿಯದನ್ನು. ವಿಚಾರಣೆಗೆ ಬಂದವರು ಅದನ್ನೇ ತಲೆಯಲ್ಲಿಟ್ಟುಕೊಂಡು ಬಂದರು.

ನನ್ನ ನಕಲಿನಲ್ಲಿ ಚುಕ್ಕಿ ನೋಡಿದ ಕೂಡಲೇ ನಿನಗೆ ಇದು ಗೊತ್ತಾಗಿದೆ. ಅದಕ್ಕೇ ಹದಿನಾರು ದಿನ ಮೌನ, ಅದಕ್ಕೇ ವ್ಯಾನ್. ಯಾಕೆ ಎಂದು ಯೋಚಿಸುತ್ತಾ ನನ್ನ ಟ್ರಂಕ್ ತೆಗೆದೆ. ನೀನು ಬರೆದ ಕಾಗದಗಳೆಲ್ಲ ಅದರಲ್ಲಿವೆ, ಅಳಿಸಲು ಬಾರದವು. 1993 ಜೂನ್ 20ರದ್ದು ಓದುತ್ತೇನೆ, ಕೇಳು: 'ಅಕ್ಕ, ಮೊನ್ನೆ ನಮ್ಮೂರಿನ ಸುದ್ದಿ ಬಂದ ದಿನ ಮುಖ್ಯ ಉಪಸಂಪಾದಕರು ರಜೆಯಲ್ಲಿದ್ದರು. ಮೊದಲ ಪುಟವನ್ನು ನಾನೊಬ್ಬನೇ ಮುಗಿಸಿದೆ.' ಆಗ ನಿನಗೆ ಇಪ್ಪತ್ತನಾಲ್ಕು. ಆ ಸಾಲನ್ನು ನಾನು ಅಪ್ಪನಿಗೆ ಹೆಮ್ಮೆಯಿಂದ ಓದಿ ಹೇಳಿದ್ದೆ. ಅವರು ಎದ್ದು ಹಿತ್ತಲಿಗೆ ಹೋದರು.

ಈಗ ನಾನು ಶಂಕಿಸುತ್ತೇನೆ. ಶಂಕಿಸಿದವರು ಯಾರು ಎಂದು ಕೇಳಬೇಕಾಗಿಲ್ಲ, ನಾನೇ, ನಿನ್ನ ಅಕ್ಕ. ಯಾರು ಹೇಳಿ ಮಾಡಿಸಿದರು?

ಅಕ್ಕ

*

ಮಾರ್ಚ್ 4, 2024

ಅಕ್ಕ,

ಅಪ್ಪ.

ಈ ಒಂದು ಪದ ಬರೆದು ಮೂರು ದಿನ ಕಾಗದವನ್ನು ಮಡಿಸಿಟ್ಟಿದ್ದೆ. ಮುಂದಿನದನ್ನೂ ಬರೆಯುತ್ತೇನೆ.

ಮೊದಲ ಕಟ್ಟು ರೈಲು ಹತ್ತಿದ ಮೇಲೆ ಅವರ ಫೋನ್ ಬಂತು. ವರದಿಗಾರ ಅವರ ಕಚೇರಿಗೆ ಹೋಗಿ ಸ್ವೀಕೃತಿಯ ವಿಷಯ ಕೇಳಿ ಬಂದಿದ್ದನಂತೆ. "ಆ ಕಾಗದ ಇಂಜಿನಿಯರ್ ಹತ್ರ ಹೋಗಿಲ್ಲ ಕಣೋ," ಅಂದರು. "ನನ್ನ ಡ್ರಾಯರ್‌ನಲ್ಲೇ ಇದೆ. ಬೇರೆ ಕಾಗದದ ಕೆಳಗೆ ಬಿದ್ದಿತ್ತು, ಮರೆತೆ. ಮೂರು ಜನ ಸತ್ತಿದಾರೆ. ಆ ಎರಡು ವಾಕ್ಯ ತೆಗಿ. ಬೇರೆ ಏನೂ ಕೇಳಲ್ಲ." ನನ್ನ ಜೀವನದಲ್ಲಿ ಅವರು ನನ್ನನ್ನು ಬೇಡಿಕೊಂಡದ್ದು ಅದೊಂದೇ ಸಲ.

ಆಗೆಲ್ಲ ಪುಟವನ್ನು ಮೇಜಿನ ಮೇಲೆ ಕತ್ತರಿಸಿ ಅಂಟಿಸುತ್ತಿದ್ದೆವು. ಬ್ಲೇಡಿನಿಂದ ನಾಲ್ಕು ಸಾಲು ಎಬ್ಬಿಸಿದೆ. ಅಷ್ಟೇ ಮಾಡಿ ನಿಲ್ಲಬಹುದಿತ್ತು. ಆದರೆ ಪುಟದಲ್ಲಿ ನಾಲ್ಕು ಸಾಲಿನ ಬಿಳಿ ಜಾಗ ಉಳಿಯಿತು. ಅಚ್ಚಿನ ಮೇಸ್ತ್ರಿ ಬಂದು, "ಏನಾದ್ರೂ ತುಂಬ್ಸಿ ಸ್ವಾಮಿ, ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ," ಅಂದ. ಪುಟ ಹೋಗಲು ಎಂಟು ನಿಮಿಷವಿತ್ತು. ನಾನು ನೀರುಗಂಟಿಯ ಮುಖವನ್ನೂ ನೆನಪಿಸಿಕೊಳ್ಳಲಿಲ್ಲ. ಆ ಜಾಗಕ್ಕೆ ಅಳತೆ ಸರಿಹೋಗುವ ಒಂದು ವಾಕ್ಯ ಬರೆದೆ. ನೀನು ಕೇಳಿದೆಯಲ್ಲ, ಶಂಕಿಸಿದ್ದು ಯಾರು ಎಂದು. ಯಾರೂ ಅಲ್ಲ. ಜಾಗ ತುಂಬಿಸಬೇಕಿತ್ತು.

ತಮಾಷೆ ಕೇಳು. ಊರಿಗೆ ಹೋದದ್ದು ಒಂದು ಚುಕ್ಕಿಯ ಪತ್ರಿಕೆ. ಬೆಳಿಗ್ಗೆ ಅಪ್ಪ ನೋಡಿದಾಗ ಆ ಎರಡು ವಾಕ್ಯಗಳು ಹಾಗೇ ಇದ್ದವು. ಮಗ ಮಾತು ಕೇಳಲಿಲ್ಲ ಎಂದುಕೊಂಡು ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ವಿಚಾರಣೆ ಮುಗಿದ ಮೇಲಷ್ಟೇ ಅವರಿಗೆ ತಿಳಿದದ್ದು. ಆಗ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಆ ಕೈಯ ಭಾರ ಇನ್ನೂ ಇದೆ.

ಸಂಗ್ರಹಕ್ಕೆ ಮೂರು ಚುಕ್ಕಿಯ ಪುಟಗಳನ್ನಷ್ಟೇ ಹಾಕುವುದು ಎಂದು ತೀರ್ಮಾನಿಸಿದ ಸಭೆಯಲ್ಲಿ ನಾನೂ ಇದ್ದೆ. ಬಾಯಿ ಬಿಡಲಿಲ್ಲ. ಒಂದು ಚುಕ್ಕಿಯ ಪ್ರತಿಗಳು ಎಲ್ಲಿಯೂ ಉಳಿದಿಲ್ಲ, ನಿನ್ನ ಬೀರುವಿನಲ್ಲಿ ಬಿಟ್ಟರೆ. ನಿನ್ನ ಸಂಪುಟ ನನ್ನ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡ. ನನಗೆ ಗೊತ್ತಿಲ್ಲ. ನೀನು ಕೊಡದಿದ್ದದ್ದು ಒಳ್ಳೆಯದಾಯಿತು.

ಈಗ ಅದು ನಿನ್ನ ಹತ್ತಿರವಿದೆ. ಅಪ್ಪನೂ ನಿನ್ನವರೇ, ನಾನೂ ನಿನ್ನವನೇ. ನಿನಗೆ ಬಿಟ್ಟದ್ದು.

ತಮ್ಮ

*

ಮಾರ್ಚ್ 9, 2024

ತಮ್ಮಯ್ಯ,

ನಿನ್ನ ಕಾಗದ ಓದಿ ಎರಡು ದಿನ ಯಾರಿಗೂ ಬಾಗಿಲು ತೆಗೆಯಲಿಲ್ಲ. ಆ ಇಂಜಿನಿಯರನನ್ನು ಮೂವತ್ತೊಂದು ವರ್ಷ ಮನಸ್ಸಿನಲ್ಲೇ ನೇಣಿಗೆ ಹಾಕುತ್ತಾ ಬಂದೆ. ಊರಿನವರ ತಪ್ಪನ್ನೆಲ್ಲ ತಾರೀಖಿನ ಸಮೇತ ನೆನಪಿಟ್ಟುಕೊಂಡವಳಿಗೆ ಸ್ವಂತ ಮನೆಯ ಡ್ರಾಯರ್ ಕಾಣಲಿಲ್ಲ.

ಒಂದು ವಿಷಯ ನಿನಗೆ ತಿಳಿಯದು. ನಿವೃತ್ತರಾದ ವರ್ಷ ಅಪ್ಪ ಒಂದು ಮಧ್ಯಾಹ್ನ ವಾಚನಾಲಯಕ್ಕೆ ಬಂದು ಅದೇ ಸಂಪುಟ ಕೇಳಿದ್ದರು. ನಾನು ಊಟಕ್ಕೆ ಹೋದೆ. ಒಬ್ಬರೇ ಒಂದು ಗಂಟೆ ಕೂತಿದ್ದರು. ವಾಪಸ್ ಬಂದಾಗ ಸಂಪುಟ ಮೇಜಿನ ಮೇಲೆ ಮುಚ್ಚಿತ್ತು, ಅವರು ಇರಲಿಲ್ಲ. ಪುಟ ಹರಿದುಕೊಳ್ಳಬಹುದಿತ್ತು. ಹರಿಯಲಿಲ್ಲ. ಇದನ್ನು ನಾನು ಅವರ ಪರವಾಗಿ ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತಿದ್ದೇನೆ.

ನಿನ್ನೆ ನೀರುಗಂಟಿಯ ಮನೆಗೆ ಹೋಗಿ ಎಲ್ಲ ಹೇಳಿದೆ.

"ಗೊತ್ತಿತ್ತಮ್ಮಾ," ಅಂದ. "ಕಾಗದ ಕೊಟ್ಟೋನು ನಾನೇ ಅಲ್ವಾ? ನಿಮ್ಮಪ್ಪ ಮೊಹರು ಒತ್ತಿ, ಕಾಗದಾನ ಡ್ರಾಯರ್‌ಗೆ ಹಾಕಿದ್ನ ಈ ಕಣ್ಣಲ್ಲೇ ನೋಡಿದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಯಾರಿಗ್ ಹೇಳೋದು? ಮುಖ್ಯ ಗುಮಾಸ್ತರ ಮಾತು ಒಂದ್ ಕಡೆ, ಪೇಪರ್ ಒಂದ್ ಕಡೆ, ನಾನೊಬ್ಬ ಒಂದ್ ಕಡೆ. ಆಮೇಲೆ ನಿಮಗ್ ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನೀವು ಇಂಜಿನಿಯರ್‌ಗೆ ಬೈಯೋ ಜೋರು ನೋಡಿದ್ರೆ ಬಾಯೇ ಬರ್ತಿರಲಿಲ್ಲ."

ನಮ್ಮ ಮನೆಯ ನಲ್ಲಿಗೂ ಅವನೇ ವಾಷರ್ ಹಾಕಿದ್ದು ತಮ್ಮಯ್ಯ. ಅಪ್ಪನಿದ್ದಾಗಲೇ. ಅಪ್ಪ ಒಳಗಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ.

ಈಗ ನನ್ನ ತೀರ್ಮಾನ. ನಾನು ಸಂಪುಟವನ್ನು ಮ್ಯಾನೇಜರ್‌ಗೆ ತೋರಿಸಿ ಕಲ್ಲು ಕೆತ್ತುವುದನ್ನು ಹತ್ತು ದಿನ ನಿಲ್ಲಿಸಿದ್ದೇನೆ. "ಪೇಪರ್‌ನಲ್ಲೇ ಎರಡು ಥರ ಇದ್ರೆ ನಾನ್ ಯಾವ್ದನ್ನ ನಂಬ್ಲಿ ಮೇಡಂ? ಪೇಪರ್‌ನವರೇ ಒಪ್ಪಿಕೊಂಡ್ರೆ ಬದಲಾಯಿಸ್ತೀನಿ," ಎನ್ನುತ್ತಾನೆ. ನ್ಯಾಯವಾದ ಮಾತು. ನನ್ನ ಪುಟದ ಜೆರಾಕ್ಸ್ ಇದರ ಜೊತೆಗಿದೆ. ಒಪ್ಪಿಕೊಳ್ಳಿ. ಏಪ್ರಿಲ್‌ಗೆ ನಮ್ಮ ವಾಚನಾಲಯಕ್ಕೆ ನಿಮ್ಮ ಪತ್ರಿಕೆ ನಿಲ್ಲುವ ಮೊದಲು, ಮೊದಲ ಪುಟದಲ್ಲಿ, ಎಡಗಡೆಯ ಎರಡನೇ ಕಾಲಂನ ಕೊನೆಗೆ ಅಚ್ಚು ಹಾಕಿ. ಕಂಪ್ಯೂಟರಿನಲ್ಲಿ ಟಿಪ್ಪಣಿ ಸೇರಿಸುತ್ತೇವೆ ಎಂದರೆ ನಾನು ಒಪ್ಪುವುದಿಲ್ಲ. ಕಾಗದದ ಮೇಲೆ ಆದದ್ದು ಕಾಗದದ ಮೇಲೇ ತೊಳೆದುಹೋಗಲಿ. ಅಚ್ಚಾದ ತಪ್ಪು ಹಾಗೇ ಉಳಿಯುತ್ತದೆ ಎಂದು ನೀನು ಹೀಗಳೆದೆ. ಉಳಿದದ್ದಕ್ಕೇ ಅಲ್ಲವೇ ಇವತ್ತು ಸಿಕ್ಕಿದ್ದು?

'ಆಗಿನ ಮುಖ್ಯ ಗುಮಾಸ್ತರು' ಎಂದು ಸ್ಪಷ್ಟವಾಗಿ ಬರಲಿ. 'ನಮ್ಮ ಉಪಸಂಪಾದಕರು' ಎಂದೂ. ಮತ್ತು ಎಲ್ಲ ಚುಕ್ಕಿಗಳಲ್ಲೂ ಬರಲಿ. ನಮ್ಮೂರಿಗೆ ಒಂದು, ಪಟ್ಟಣಕ್ಕೆ ಇನ್ನೊಂದು ಕಳಿಸುವ ವಿದ್ಯೆ ನಿನಗೆ ಗೊತ್ತಿದೆ.

ಅಕ್ಕ

*

ಮಾರ್ಚ್ 19, 2024

ಅಕ್ಕ,

ಸಂಪಾದಕರ ಮುಂದೆ ಎರಡೂ ಪುಟಗಳ ನಕಲು ಇಟ್ಟು ಎಲ್ಲ ಹೇಳಿದೆ. "ಮೂವತ್ತೊಂದು ವರ್ಷದ ಹಿಂದಿನ ತಿದ್ದುಪಡಿ ಯಾರಿಗೆ ಬೇಕ್ರೀ? ಜಾಲದಲ್ಲಿ ಒಂದು ಟಿಪ್ಪಣಿ ಹಾಕಿ ಮುಗಿಸಿ," ಅಂದರು. ಅಚ್ಚಿನಲ್ಲೇ ಆಗಬೇಕು, ಇಲ್ಲವಾದರೆ ಅಕ್ಕ ಬರುತ್ತಾಳೆ ಎಂದೆ. ನಗಲಿಲ್ಲ. ಎರಡು ದಿನ ಬಿಟ್ಟು ಒಪ್ಪಿದರು. ಸಂಗ್ರಹದ ಕೆಲಸದಿಂದ ನನ್ನನ್ನು ಬಿಡಿಸಿದ್ದಾರೆ. ಸರಿಯೇ ಇದೆ.

ಇವತ್ತಿನ ಪತ್ರಿಕೆಯ ಮೂರು ಪ್ರತಿಗಳು ಇದರ ಜೊತೆಗಿವೆ. ಒಂದು ಚುಕ್ಕಿ, ಎರಡು ಚುಕ್ಕಿ, ಮೂರು ಚುಕ್ಕಿ. ನನ್ನ ಮಾತನ್ನು ನಂಬಬೇಡ, ಹೋಲಿಸಿ ನೋಡು.

ತಮ್ಮ

*

ಮಾರ್ಚ್ 23, 2024

ತಮ್ಮಯ್ಯ,

ನಂಬಲಿಲ್ಲ. ಓದುಗರ ಮೇಜಿನ ಮೇಲೆ ಮೂರನ್ನೂ ಪಕ್ಕಪಕ್ಕದಲ್ಲಿ ಹರಡಿ, ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ಹೋಲಿಸಿದೆ. ಒಂದು ಅಕ್ಷರವೂ ಬೇರೆ ಇಲ್ಲ. ನೀನು ಕಳಿಸಿದ ಒಂದು ಚುಕ್ಕಿಯ ಪ್ರತಿ ಬರೀ ನನಗೋಸ್ಕರ ಅಚ್ಚು ಹಾಕಿದ್ದೇನೋ ಎಂಬ ಅನುಮಾನ ಬಂತು. ಬಸ್ ನಿಲ್ದಾಣಕ್ಕೆ ಹೋಗಿ ಅಂಗಡಿಯಲ್ಲಿ ಉಳಿದಿದ್ದ ಹತ್ತೊಂಬತ್ತರ ಪತ್ರಿಕೆ ಕೊಂಡು ತಂದು ಅದನ್ನೂ ಇಟ್ಟು ನೋಡಿದೆ. ಅದೂ ಹಾಗೇ ಇದೆ. ಇನ್ನು ಮೇಲೆ ನಿನ್ನ ವಿಷಯದಲ್ಲಿ ಹೀಗೇ ಇರುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಕಲ್ಲಿನ ಬರಹ ಬದಲಾಯಿತು. ಮೂವರ ಹೆಸರಿನ ಕೆಳಗೆ, 'ಟ್ಯಾಂಕಿನ ಬಿರುಕಿನ ಬಗ್ಗೆ ನೀರುಗಂಟಿಯು ಮುಂಚಿತವಾಗಿ ಎಚ್ಚರಿಸಿದ್ದರು' ಎಂದಿದೆ. ಮೊದಲು ಓದಿದ್ದು ಅವನ ಮೊಮ್ಮಗಳು. ಎಚ್ಚರಿಸಿದ್ದರು ಎನ್ನುವ ಕಡೆ ಎರಡು ಸಲ ಎಡವಿ, ಮೂರನೆಯ ಸಲ ರಸ್ತೆಗೆಲ್ಲ ಕೇಳುವ ಹಾಗೆ ಓದಿದಳು.

ನೀರುಗಂಟಿಗೆ ಪತ್ರಿಕೆ ಕೊಟ್ಟೆ. ಆ ತಿದ್ದುಪಡಿಯನ್ನು ಕತ್ತರಿಸಿ ಚೌಕಟ್ಟು ಹಾಕಿಸಿಕೊಡಲೇ ಎಂದು ಕತ್ತರಿ ತೆಗೆದೆ. ಅವನು ಪತ್ರಿಕೆಯ ಮೇಲೆ ಅಂಗೈ ಒತ್ತಿ ಹಿಡಿದ.

"ಕತ್ತರಿಸಬೇಡಿ ಅಮ್ಮಾ. ಇಡೀ ಪುಟ ಇರ್ಲಿ."

ನಾನು ಕತ್ತರಿ ಒಳಗಿಟ್ಟೆ.

ಅಕ್ಕ